ಚೀಟಿಯಿಲ್ಲದ ಪೆಟ್ಟಿಗೆ

ವಿಜ್ಞಾನ ಕೊಠಡಿಯ ಬೀರುವಿನಿಂದ ಈ ವರ್ಷ ಒಂದು ಹಳೆಯ ಇಲೆಕ್ಟ್ರಾನಿಕ್ ಕಿಟ್ ಹೊರಬಂದಿತು. ಹೆಸರಿಲ್ಲ, ನಕ್ಷೆಯಿಲ್ಲ, ಸೂಚನಾ ಪುಸ್ತಿಕೆಯಿಲ್ಲ. ಗುಜರಿಗೆ ಕೊಡುವ ಸಾಮಾನುಗಳ ಪಟ್ಟಿಯಲ್ಲಿ ಅದನ್ನೂ ಬರೆಯಲಾಗಿದೆ. ಬರೆಯಬಾರದಿತ್ತೆಂಬುದು ನಮ್ಮ ಅಭಿಪ್ರಾಯ.

ಕನ್ನಡ ಪಂಡಿತರಿಗೇಕೆ ಈ ಉಸಾಬರಿ ಎಂದು ಕೆಲವರು ನಕ್ಕಾರು. ಆದರೆ ಇದೂ ಓದುವ ಕೆಲಸವೇ. ರೆಸಿಸ್ಟರಿನ ಕಂದು, ಕಪ್ಪು, ಕೆಂಪು ಪಟ್ಟೆಗಳನ್ನು 1, 0, ಅನಂತರ 2 ಸೊನ್ನೆ ಎಂದು ಓದಿದರೆ 1000 ಓಮ್ ಆಯಿತು. ಟ್ರಾನ್ಸಿಸ್ಟರಿನ ಹೆಸರಿಗೂ ವ್ಯಾಕರಣವುಂಟು. ಯುರೋಪಿನ ಪದ್ಧತಿಯಲ್ಲಿ ಮೊದಲಕ್ಷರ 'ಎ' ಇದ್ದರೆ ಜರ್ಮೇನಿಯಮ್, 'ಬಿ' ಇದ್ದರೆ ಸಿಲಿಕಾನ್. ಎರಡನೆಯದು 'ಸಿ' ಆದರೆ ಧ್ವನಿಯ ಕೆಲಸಕ್ಕೆ, 'ಎಫ್' ಆದರೆ ರೇಡಿಯೋ ಅಲೆಯ ಕೆಲಸಕ್ಕೆ. ನಮ್ಮ ಪೆಟ್ಟಿಗೆಯಲ್ಲಿ ಎಸಿ 128 ಒಂದು ಜೋಡಿ, ಬಿಎಫ್ 194, ತಂತಿ ಸುತ್ತಿದ ಫೆರೈಟ್ ಕಡ್ಡಿ, ಗ್ಯಾಂಗ್ ಕಂಡೆನ್ಸರ್ ಇವೆ. ಕೂಡಿಸಿ ಓದಿದ ಮಕ್ಕಳು, "ಇದು ಮೀಡಿಯಂ ವೇವ್ ರೇಡಿಯೋ, ಸಾರ್" ಎಂದರು.

ಕೂಡಲೇ ಬ್ಯಾಟರಿ ಜೋಡಿಸಲು ಹೊರಟವರನ್ನು ತಡೆದೆವು. ಹಳೆಯ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಒಣಗಿರುವುದುಂಟು. ಅವನ್ನು ಮೊದಲು ಪರೀಕ್ಷಿಸಬೇಕು.

ಹಿಂದೆ ಇಂಥದೇ ಇನ್ನೊಂದು ಪೆಟ್ಟಿಗೆ, ಚೀಟಿಯಿಲ್ಲವೆಂಬ ಒಂದೇ ಕಾರಣಕ್ಕೆ, ತೂಕಕ್ಕೆ ಹೋಯಿತು. ನಾವೂ ಆಗ ಸುಮ್ಮನಿದ್ದೆವು. ಚೀಟಿ ಇದ್ದಿದ್ದರೂ ಅದು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತಿತ್ತೇ ಹೊರತು ಕನ್ನಡದಲ್ಲಂತೂ ಅಲ್ಲ.

ಈಗ ಹತ್ತನೆಯ ತರಗತಿಯವರು ಬಿಡಿಭಾಗಗಳ ವಿವರವನ್ನು ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದಾರೆ. ನಕ್ಷೆ ಅರ್ಧವಾಗಿದೆ. ಅದು ಮುಗಿಯುವವರೆಗಾದರೂ ಪೆಟ್ಟಿಗೆಯನ್ನು ಗುಜರಿಯ ಪಟ್ಟಿಯಿಂದ ಬಿಡಿಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ನಮ್ಮ ವಿನಂತಿ.