ಮದ್ಯದ ರುಚಿ: ನಾಲಿಗೆಯ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು?

ಬಟ್ಟಿಯಿಳಿಸಿದ ಮದ್ಯಗಳ ರುಚಿಯನ್ನು ಕುರಿತು ಬರೆಯುವವರ ಒಂದು ಪಂಗಡವೇ ಇಂದು ಬೆಳೆದು ನಿಂತಿದೆ. ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಮೊದಲು ಜೇನು, ಆಮೇಲೆ ಒಣದ್ರಾಕ್ಷಿ, ಕೊನೆಗೆ ಹೊಗೆ ಎಂದು ಅವರು ವರದಿ ಕೊಡುತ್ತಾರೆ. ನೂರಕ್ಕೆ ಇಷ್ಟು ಅಂಕವೆಂದೂ ತೀರ್ಪು ಹೇಳುತ್ತಾರೆ. ಅದನ್ನು ವೇದವಾಕ್ಯವೆಂದು ನಂಬುವವರುಂಟು, ಕುಡುಕರ ಕವಿತ್ವವೆಂದು ನಗುವವರೂ ಉಂಟು. ಈ ಎರಡು ನಿಲುವುಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ರುಚಿಯ ವರದಿ ಒಂದು ಸಾಕ್ಷ್ಯ. ನ್ಯಾಯಸ್ಥಾನದಲ್ಲಿ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವಂತೆ ಇದನ್ನೂ ಒಳಪಡಿಸಿದರೆ, ಅದರಲ್ಲಿ ನಂಬತಕ್ಕದ್ದೆಷ್ಟು, ಬಿಡತಕ್ಕದ್ದೆಷ್ಟು ಎಂಬುದು ತಿಳಿಯುತ್ತದೆ.

ಮೊದಲು ಸಾಕ್ಷಿ ಯಾರೆಂಬುದನ್ನು ನೋಡೋಣ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಐದು ರುಚಿಗಳು ಮಾತ್ರ. ಜೇನು, ಹೊಗೆ, ಹಣ್ಣು ಇವೆಲ್ಲ ವಾಸನೆಗಳು. ಬಾಯಿಯ ಹಿಂಬದಿಯಿಂದ ಮೂಗಿಗೇರುವ ಆವಿಯಿಂದ ತಿಳಿಯತಕ್ಕವು. ಗಂಟಲು ಸುಡುವುದಾದರೋ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ನಮ್ಮ ನರತುದಿಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಅದು ಸಾಧಾರಣವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಎಚ್ಚರಿಸುತ್ತದೆ. ಎಥನಾಲ್, ಅಂದರೆ ಕುಡಿಯುವ ಮದ್ಯಸಾರ, ಈ ಮಿತಿಯನ್ನು ಸುಮಾರು 34 ಡಿಗ್ರಿಗೆ ಇಳಿಸಿಬಿಡುತ್ತದೆ. ನಮ್ಮ ಮೈಯ ಶಾಖವೇ ನಮಗೆ ಬೆಂಕಿಯಾಗಿ ತೋರುತ್ತದೆ. ಗಂಟಲು ಉರಿದಷ್ಟೂ ಸರಕು ಒಳ್ಳೆಯದೆಂಬ ಮಾತಿಗೆ ಇದರಿಂದ ಯಾವ ಆಧಾರವೂ ಉಳಿಯುವುದಿಲ್ಲ.

ಇನ್ನು ನಾನು ಸವಿದು ನೋಡಿದ ಕೆಲವನ್ನು ಹೇಳುತ್ತೇನೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆವಾಸನೆಯ ವಿಸ್ಕಿಯನ್ನು ಮೂಸಿದೊಡನೆ ನನಗೆ ನೆನಪಾಗುವುದು ಹಸಿ ಸೌದೆ ತುಂಬಿದ ಬಚ್ಚಲೊಲೆ. ಅದರ ಬೆನ್ನಿಗೇ ಆಸ್ಪತ್ರೆಯ ನೆಲ ತೊಳೆಯುವ ಔಷಧ. ಇದು ಬರಿಯ ಕಲ್ಪನೆಯಲ್ಲ. ಅಲ್ಲಿ ಮೊಳೆಯಿಸಿದ ಬಾರ್ಲಿಯನ್ನು ಒಣಗಿಸಲು ಪೀಟ್ ಎಂಬುದನ್ನು, ಅಂದರೆ ಜವುಗು ನೆಲದಲ್ಲಿ ಅರೆಕೊಳೆತು ಒತ್ತಾದ ಸಸ್ಯರಾಶಿಯನ್ನು, ಉರಿಸುತ್ತಾರೆ. ಅದರ ಹೊಗೆಯ ಗ್ವಾಯಕಾಲ್, ಕ್ರೆಸಾಲ್ ಮೊದಲಾದ ಫೀನಾಲುಗಳು ಕಾಳಿಗಂಟಿ, ಹುದುಗುವಿಕೆಯನ್ನೂ ಬಟ್ಟಿಯನ್ನೂ ದಾಟಿ ಬಟ್ಟಲಿನವರೆಗೆ ಬರುತ್ತವೆ. ಸೌದೆಯ ಹೊಗೆಯಲ್ಲಿಯೂ ಗ್ವಾಯಕಾಲ್ ಉಂಟು. ಹಳೆಯ ಕ್ರಿಮಿನಾಶಕಗಳಲ್ಲಿ ಕ್ರೆಸಾಲ್ ಇತ್ತು. ಸಾಕ್ಷಿ ಇಲ್ಲಿ ನಿಜವನ್ನೇ ನುಡಿದಿದೆ.

ಅಮೆರಿಕದ ಬೂರ್ಬನ್ ನನಗೆ ಕೊಬ್ಬರಿ ಮಿಠಾಯಿಯಂತೆ ತೋರುತ್ತದೆ. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗಳಲ್ಲಿ ಅದನ್ನು ಇರಿಸುತ್ತಾರೆ. ಮರದ ಲಿಗ್ನಿನ್ ಒಡೆದು ವ್ಯಾನಿಲಿನ್ ಆಗುತ್ತದೆ. ಓಕಿನ ಲ್ಯಾಕ್ಟೋನ್ ಎಂಬ ವಸ್ತು ಕೊಬ್ಬರಿಯ ಪರಿಮಳ ಕೊಡುತ್ತದೆ. ಆದರೆ ‘ಸಿಹಿ’ ಎಂಬ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು. ಸಕ್ಕರೆ ಆವಿಯಾಗಿ ಬಟ್ಟಿಯಲ್ಲಿ ಮೇಲೇರುವ ವಸ್ತುವಲ್ಲ. ಮಿಠಾಯಿಯೊಡನೆ ಬಳಕೆಯಾದ ವಾಸನೆ ಬಂದೊಡನೆ ಮನಸ್ಸು ನಾಲಿಗೆಯ ಪರವಾಗಿ ತಾನೇ ‘ಸಿಹಿ’ ಎಂದು ಹೇಳಿಬಿಡುತ್ತದೆ.

ಗೋವೆಯ ಗೇರು ಫೆನಿಯ ದಾರಿ ಬೇರೆ. ಗೇರುಹಣ್ಣಿನ ರಸವನ್ನು ಹುದುಗಿಸಿ ಬಟ್ಟಿಯಿಳಿಸಿದರೆ ಮೊದಲು ದೊರೆಯುವುದು ಉರ‍್ರಾಕ್. ಮತ್ತೆ ಇಳಿಸಿದರೆ ಫೆನಿ. ಸಾಮಾನ್ಯವಾಗಿ ಮರದ ಸಂಸ್ಕಾರವಿಲ್ಲದ್ದರಿಂದ ಇದರಲ್ಲಿ ಹಣ್ಣೇ ಮಾತನಾಡುತ್ತದೆ. ಒಮ್ಮೆ ಮೂಸಿದವರು ಮರೆಯಲಾರದ, ಕೆಲವರು ಸಹಿಸಲಾರದ, ಕಳಿತ ಗೇರುಹಣ್ಣಿನ ಆ ಗಾಢ ವಾಸನೆ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಆದರೆ ಗೇರುಹಣ್ಣು ತಿಂದಾಗ ಗಂಟಲು ಹಿಡಿಯುವ ಒಗರು ಫೆನಿಯಲ್ಲಿಲ್ಲ. ಒಗರಿಗೆ ಕಾರಣವಾದ ಟ್ಯಾನಿನ್ನುಗಳು ಆವಿಯಾಗುವುದಿಲ್ಲ. ಅವು ಬಟ್ಟಿಯ ತಳದಲ್ಲಿಯೇ ಉಳಿಯುತ್ತವೆ. ಬಟ್ಟಿಯಿಳಿಸುವುದೆಂದರೇನೆಂಬುದನ್ನು ಇದಕ್ಕಿಂತ ಸೊಗಸಾಗಿ ತಿಳಿಸುವ ಉದಾಹರಣೆ ನನಗೆ ತೋರದು.

ಹಾಗಾದರೆ ಸಾಕ್ಷಿ ಎಡವುವುದು ಎಲ್ಲಿ? ಕಣ್ಣು ಮತ್ತು ಕಿವಿ ಮಧ್ಯೆ ಬಾಯಿ ಹಾಕಿದಾಗ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈನಿನ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ ಬಿಳಿಯ ವೈನನ್ನೇ ಕೆಂಪು ಬಣ್ಣ ಬೆರೆಸಿ ಕೊಟ್ಟರು; ಅವರು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದ ಅದನ್ನು ವರ್ಣಿಸಿದರು. 2008ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಒಂದೇ ವೈನಿನ ಬೆಲೆಯನ್ನು ಒಮ್ಮೆ 10, ಒಮ್ಮೆ 90 ಡಾಲರೆಂದು ಹೇಳಿ ಕುಡಿಸಿದಾಗ, ಬೆಲೆ ಹೆಚ್ಚೆಂದು ತಿಳಿದಾಗಲೇ ಜನ ಹೆಚ್ಚು ಮೆಚ್ಚಿದರು. ಮಿದುಳಿನ ಸುಖಸಂವೇದನೆಯ ಭಾಗವೂ ಹೆಚ್ಚು ಚುರುಕಾಯಿತು. ವಿಸ್ಕಿಯ ಹೊನ್ನಿನ ಬಣ್ಣವೂ ನಂಬತಕ್ಕದ್ದಲ್ಲ. ಸ್ಕಾಚ್ ವಿಸ್ಕಿಗೆ ಸುಟ್ಟ ಸಕ್ಕರೆಯ ಬಣ್ಣವನ್ನು ಸೇರಿಸಲು ಅಲ್ಲಿನ ಕಾಯಿದೆಯೇ ಅವಕಾಶ ಕೊಟ್ಟಿದೆ.

ಸೀಸೆಯ ಮೇಲಿನ ವಯಸ್ಸೂ ಅಂಥದೇ ಒಂದು ಪಿಸುಮಾತು. ಪೀಪಾಯಿಯಲ್ಲಿರುವ ಮದ್ಯ ಮರದ ಮೂಲಕ ಸ್ವಲ್ಪ ಸ್ವಲ್ಪವಾಗಿ ಆರಿಹೋಗುತ್ತದೆ. ಈ ನಷ್ಟವನ್ನು ಆ ಉದ್ಯಮದವರು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಅದು ವರ್ಷಕ್ಕೆ ಶೇಕಡಾ ಸುಮಾರು 2. ನಮ್ಮ ಬೆಂಗಳೂರಿನಲ್ಲಿ ಶೇಕಡಾ 10 ಅಥವಾ ಅದಕ್ಕೂ ಮಿಗಿಲು. ಲೆಕ್ಕ ಹಾಕಿ ನೋಡಿದರೆ, ಹನ್ನೆರಡು ವರ್ಷಗಳ ಬಳಿಕ 100 ಲೀಟರಿನಲ್ಲಿ ಅಲ್ಲಿ 78 ಲೀಟರ್ ಉಳಿದರೆ ಇಲ್ಲಿ 28 ಮಾತ್ರ ಉಳಿದೀತು. ಸೆಕೆ ಹೆಚ್ಚಿದ್ದಲ್ಲಿ ಮರದ ಸಾರವೂ ಬೇಗನೆ ಇಳಿಯುತ್ತದೆ. ಬೆಂಗಳೂರಿನ ಅಮೃತ್ ಕಾರ್ಖಾನೆಯ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆಯಾಯಿತು. ಅದರ ‘ಫ್ಯೂಷನ್’ ಎಂಬ ಬಗೆಯನ್ನು ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕರು ತಮ್ಮ 2010ರ ವಾರ್ಷಿಕ ಗ್ರಂಥದಲ್ಲಿ ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟರು. ನನಗೆ ಅದರಲ್ಲಿ ತೋರಿದ್ದು ಹುರಿದ ಬಾರ್ಲಿ, ಕಿತ್ತಳೆಯ ಸಿಪ್ಪೆ, ದೂರದಲ್ಲೊಂದು ಎಳೆ ಹೊಗೆ. ಸ್ಕಾಟ್ಲೆಂಡಿನ ಹೊಗೆಗೊಡ್ಡಿದ ಬಾರ್ಲಿಯೂ ಅದರಲ್ಲಿ ಬೆರೆತಿದೆಯಾದ್ದರಿಂದ ಆ ಹೊಗೆಗೆ ಕಾರಣವಿದ್ದೇ ಇದೆ. ವಯಸ್ಸಿನ ಅಂಕಿಯನ್ನೇ ಅಳತೆಗೋಲಾಗಿ ಹಿಡಿದವನಿಗೆ ಇಂಥ ವಿಸ್ಕಿಯ ಗುಣ ತಿಳಿಯಲಾರದು.

ಆದ್ದರಿಂದ ಯಾರೇ ರುಚಿಯ ವರದಿ ಬರೆದರೂ ಎರಡು ನಿಯಮಗಳನ್ನು ಪಾಲಿಸಬೇಕು. ಚೀಟಿಯನ್ನು ಮರೆಮಾಡಿ ಸವಿಯುವುದು ಒಂದು; ನೀರು ಬೆರೆಸಿಯೂ ಸವಿಯುವುದು ಇನ್ನೊಂದು. ನೀರು ಬೆರೆಸುವುದು ಅಪಚಾರವೆಂದು ಬಗೆಯುವವರುಂಟು. ಆದರೆ 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನ ವಿಜ್ಞಾನಿಗಳು ಗಣಕಯಂತ್ರದಲ್ಲಿ ಅಣುಗಳ ಚಲನೆಯನ್ನು ಲೆಕ್ಕಹಾಕಿ ಒಂದು ಸಂಗತಿಯನ್ನು ತೋರಿಸಿದರು. ಮದ್ಯಸಾರ ಶೇಕಡಾ 59ಕ್ಕಿಂತ ಹೆಚ್ಚಿದ್ದಾಗ ಗ್ವಾಯಕಾಲ್ ಅದರಿಂದ ಸುತ್ತುವರಿದು ಒಳಗೇ ಉಳಿಯುತ್ತದೆ. ಶೇಕಡಾ 45ರವರೆಗಿನ ಸಾಂದ್ರತೆಯಲ್ಲಿ ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ, ಬರುತ್ತದೆ. ಕಾರ್ಖಾನೆಗಳ ಪರೀಕ್ಷಕರು ಶೇಕಡಾ ಸುಮಾರು 20ಕ್ಕೆ ತೆಳುಗೊಳಿಸಿ, ಬಹುಮಟ್ಟಿಗೆ ಮೂಗಿನಿಂದಲೇ ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಈ ಸಾಕ್ಷಿ ಹೇಳಲಾರದ ಮಾತೊಂದಿದೆ. ಮಿಕ್ಕೆಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಮೆಥನಾಲ್ ಎಂಬ ವಿಷವು ರುಚಿಯಲ್ಲಿಯೂ ವಾಸನೆಯಲ್ಲಿಯೂ ಎಥನಾಲನ್ನು ಹೋಲುತ್ತದೆ. ಬೆರೆತರೆ ನಾಲಿಗೆಗೆ ಗುರುತು ಸಿಕ್ಕದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ. ಹಲವು ಗಂಟೆಗಳವರೆಗೆ ಸೂಚನೆಯನ್ನೂ ಕೊಡದೆ ಪ್ರಾಣ ತೆಗೆಯುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡುಗಳಲ್ಲಿ ಮತ್ತೆ ನೂರಕ್ಕೂ ಮಿಕ್ಕಿ ಸತ್ತರು. ಸತ್ತವರ ನಾಲಿಗೆ ನಮ್ಮ ನಾಲಿಗೆಗಿಂತ ಮಂದವಾಗಿದ್ದುದಲ್ಲ. ‘ಒಂದು ಹನಿ ನೆಕ್ಕಿ ನೋಡಿದೆ, ಸರಕು ಚೆನ್ನಾಗಿದೆ’ ಎಂಬ ಭರವಸೆಗೆ ಇಲ್ಲಿ ಕವಡೆಯ ಬೆಲೆಯಿಲ್ಲ. ಈ ಕೆಲಸ ಪ್ರಯೋಗಾಲಯದ್ದು.

ಶುದ್ಧವಾದ ಎಥನಾಲ್ ಕೂಡ ನಿರಪಾಯಕಾರಿಯಲ್ಲ. ಅಪಾಯವೇ ಇಲ್ಲವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಇದೂ ರುಚಿಯಿಂದ ತಿಳಿಯುವ ವಿಷಯವಲ್ಲ. ಮರ ಯಾವುದು, ಹಣ್ಣು ಯಾವುದು, ಹೊಗೆ ಎಲ್ಲಿಯದು ಎಂದು ಕೇಳಿದರೆ ನಾಲಿಗೆ ಮತ್ತು ಮೂಗು ಬಹಳ ಮಟ್ಟಿಗೆ ಸರಿಯಾದ ಉತ್ತರವನ್ನೇ ಕೊಡುತ್ತವೆ. ಕುಡಿದರೆ ಕ್ಷೇಮವೇ ಎಂಬ ಪ್ರಶ್ನೆಯನ್ನು ಅವುಗಳ ಮುಂದಿಡಬಾರದು.