ಎರಡಾಣೆಯ ಪಾಠ

ಸ್ವಂತ ಬಂಡವಾಳ ಹೂಡಿ ಕಾರಖಾನೆಯನ್ನೋ ಹೋಟೆಲನ್ನೋ ತೆರೆದವನು ಉದ್ಯಮಶೀಲ. ಸಂಬಳಕ್ಕೆ ದುಡಿಯುವವನಾದರೋ ಹೇಳಿದಷ್ಟನ್ನು ಮಾಡಿ ಮನೆಗೆ ಹೋಗುವವನು. ಇಂಥ ವಿಭಾಗವೊಂದನ್ನು ನಾವೆಲ್ಲರೂ ವಿಚಾರಿಸದೆಯೇ ಒಪ್ಪಿಕೊಂಡುಬಿಟ್ಟಿದ್ದೇವೆ. ನಮ್ಮ ತರಗತಿಗಳಿಂದ ಹೊರಹೋಗುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಮಾಲಿಕರಾಗುವವರಲ್ಲ, ನೌಕರರಾಗುವವರು. ಆದುದರಿಂದ ಈ ವಿಭಾಗವು ಸರಿಯೇ ಎಂಬ ಪ್ರಶ್ನೆ ಅವರಿಗೆ ಸಂಬಂಧಿಸಿದ್ದು. ನಮ್ಮ ಮಟ್ಟಿಗೆ ಅದು ಸರಿಯಲ್ಲ. ಸಂಸ್ಥೆಯೊಂದು ಹೊಸತನ್ನು ಕಲಿಯುವುದು ಬಹುಮಟ್ಟಿಗೆ ಅದರ ನೌಕರರ ಸಾಹಸಬುದ್ಧಿಯಿಂದ. ಆದರೆ ಆ ಸಾಹಸದ ನಷ್ಟವನ್ನೆಲ್ಲ ನೌಕರನ ತಲೆಗೇ ಕಟ್ಟುವ ಸಂಸ್ಥೆಯು ಕಲಿತುದನ್ನು ಬಹುಕಾಲ ಉಳಿಸಿಕೊಳ್ಳಲಾರದು.

ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ, ವಾಮನ ಕುಡ್ವ ಈ ಮೂವರು ಉಡುಪಿಯಲ್ಲಿ 8,000 ರೂಪಾಯಿಗಳ ಬಂಡವಾಳದಿಂದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರ ಎಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಈ ಸಂಸ್ಥೆಯು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಹೆಸರನ್ನು ಕೇಳದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಬ್ಯಾಂಕಿನ ಪರವಾಗಿ ಒಬ್ಬಾತನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಠೇವಣಿಗೆ ಜಮಾ ಮಾಡುವುದು, ಇಷ್ಟೇ ಆ ಯೋಜನೆ. ರೂಪಾಯಿಗೆ ಹದಿನಾರಾಣೆಯಾಗಿದ್ದ ಕಾಲ ಅದು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಎಂದರೆ 45 ರೂಪಾಯಿ 10 ಆಣೆ. ಕೂಲಿಯವನ ಕೈಯಲ್ಲಿ ಎಂದೂ ಒಟ್ಟಾಗಿ ನಿಲ್ಲದಿದ್ದ ಹಣ!

ಯೋಜನೆಯನ್ನು ಕಲ್ಪಿಸಿದವರು ಸ್ಥಾಪಕರು. ಅವರ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಕಾಗದದ ಮೇಲಿನ ಯೋಜನೆ ಜೀವ ತಳೆದುದು ಸಂಗ್ರಾಹಕನ ಕಾಲುನಡಿಗೆಯಲ್ಲಿ. ಆಗುಂಬೆ ಘಟ್ಟದ ಬುಡದಲ್ಲಿರುವ ನಮ್ಮ ಹೆಬ್ರಿಯಂಥ ಊರನ್ನೇ ಭಾವಿಸಿರಿ. ಆಷಾಢದ ಮಳೆಯಲ್ಲಿ ತೋಡು ದಾಟಿ, ಒಂದಕ್ಕೊಂದು ದೂರವಾಗಿರುವ ಮನೆಗಳ ಅಂಗಳ ಹತ್ತಿ, ಬ್ಯಾಂಕಿನ ಮೆಟ್ಟಿಲನ್ನೇ ಕಾಣದವರಿಂದ ಹಣ ಪಡೆಯಬೇಕಾದರೆ ಜನರು ನಂಬಬೇಕಾದುದು ಬ್ಯಾಂಕನ್ನಲ್ಲ, ಎದುರಿಗೆ ನಿಂತವನನ್ನು. ಮೀನು ಮಾರುವವಳ ಕೈಯಲ್ಲಿ ಹಣವಿರುವ ಹೊತ್ತು ಬೇರೆ. ಬೀಡಿ ಕಟ್ಟುವವಳಿಗೆ ಮಜೂರಿ ಸಿಗುವ ದಿನ ಬೇರೆ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದರೆ ಕರಾವಳಿಯ ಅಂಗಡಿಗಳ ವ್ಯಾಪಾರವೇ ತಗ್ಗುವುದು. ಯಾರಿಗೆ ನಾಳೆ ಬರುತ್ತೇನೆನ್ನಬೇಕು, ಯಾರನ್ನು ಇಂದೇ ಕೇಳಬೇಕು ಎಂಬುದು ಯಾವ ಸುತ್ತೋಲೆಯಲ್ಲಿಯೂ ಅಚ್ಚಾಗುವುದಿಲ್ಲ. ಅದನ್ನು ಸಂಗ್ರಾಹಕನು ತಾನೇ ಊಹಿಸಿ, ಪರೀಕ್ಷಿಸಿ, ತಿದ್ದಿಕೊಳ್ಳಬೇಕು. ಇದು ಉದ್ಯಮಶೀಲತೆಯಲ್ಲದೆ ಮತ್ತೇನು? ಇಷ್ಟು ಮಾತ್ರವಲ್ಲದೆ, ಇದು ಪ್ರಯೋಗವೂ ಹೌದು.

ಇಂಥ ಸ್ವಭಾವವುಳ್ಳವರು ಜೂಜುಗಾರರಾಗಿರುವರೆಂಬ ಭಯವುಂಟು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಇದನ್ನು ಒಂದು ಆಟದಿಂದ ಪರೀಕ್ಷಿಸಿದನು. ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಿಂದ ಎಂಬುದು ಎಸೆಯುವವನ ಇಷ್ಟ. ಸಾಧನೆಯ ಹಂಬಲ ಹೆಚ್ಚಾಗಿರುವವರು ಗೂಟದ ಪಕ್ಕದಲ್ಲಿಯೂ ನಿಲ್ಲಲಿಲ್ಲ, ಅತಿ ದೂರಕ್ಕೂ ಹೋಗಲಿಲ್ಲ. ತಮ್ಮ ಕೈಚಳಕಕ್ಕೆ ಬೆಲೆಯಿರುವ ನಡುವಣ ದೂರವನ್ನೇ ಆರಿಸಿಕೊಂಡರು. ಈ ಹಂಬಲವನ್ನು ತರಬೇತಿಯಿಂದ ಬೆಳೆಸಬಹುದೆಂದು ನಂಬಿ 1960ರ ದಶಕದಲ್ಲಿ ಆತನು ಆಂಧ್ರದ ಕಾಕಿನಾಡದ ವ್ಯಾಪಾರಿಗಳೊಡನೆ ಪ್ರಯೋಗಗಳನ್ನು ನಡೆಸಿದನು.

ವಿಜ್ಞಾನದ ಕ್ಷೇತ್ರದಿಂದಲೂ ಒಂದು ಉದಾಹರಣೆ. ಜಪಾನಿನ ಕ್ಯೋಟೋ ನಗರದ ಶಿಮಾಜು ಕಂಪೆನಿಯಲ್ಲಿ ಕೊಯಿಚಿ ತನಾಕಾ ಎಂಬ ತರುಣ ಎಂಜಿನಿಯರನಿದ್ದನು. ಡಾಕ್ಟರೇಟ್ ಪದವಿಯಿಲ್ಲದ ಸಾಧಾರಣ ನೌಕರ. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಲೇಸರ್ ಬೆಳಕಿನಿಂದ ಮುರಿಯದಂತೆ ಮೇಲೆಬ್ಬಿಸಿ, ವಿದ್ಯುದಂಶ ಕೊಟ್ಟು ತೂಗುವುದು ಅವನಿದ್ದ ತಂಡದ ಗುರಿ. 1985ರಲ್ಲಿ ಒಂದು ದಿನ, ಕೋಬಾಲ್ಟಿನ ಅತಿಸೂಕ್ಷ್ಮ ಪುಡಿಗೆ ಬೇರೊಂದು ದ್ರವದ ಬದಲು ಗ್ಲಿಸರಿನ್ ಬಿದ್ದುಹೋಯಿತು. ಚೆಲ್ಲಿಬಿಡುವುದೇ ಸಹಜವಾಗಿತ್ತು. ಬೆಲೆಬಾಳುವ ಪುಡಿ ಪೋಲಾಗಬಾರದೆಂದು ಆತ ಅದನ್ನೂ ಪರೀಕ್ಷೆಗೆ ಒಡ್ಡಿದನು. ಹಿಂದೆಂದೂ ಕಾಣದ ಸಂಕೇತವೊಂದು ಉಪಕರಣದಲ್ಲಿ ಮೂಡಿತು. 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಒಂದು ಪಾಲು ಅವನದಾಯಿತು. ಕೆಟ್ಟ ಮಿಶ್ರಣವನ್ನು ಪರೀಕ್ಷಿಸಿದುದಕ್ಕೆ ಮೇಲಧಿಕಾರಿಯ ಬೈಗುಳ ಖಂಡಿತವೆಂಬ ಭಯವಿದ್ದಿದ್ದರೆ ಅದು ಮೋರಿಯ ಪಾಲಾಗುತ್ತಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಹಾಗೆಂದು ಎಲ್ಲ ಕೆಲಸದಲ್ಲಿಯೂ ಸ್ವಂತ ಬುದ್ಧಿಯನ್ನು ಓಡಿಸಬಹುದೆಂದು ನಾವು ಹೇಳುತ್ತಿಲ್ಲ. ವಿದ್ಯುತ್ ಕಂಬ ಹತ್ತಿದ ಲೈನ್‌ಮನ್ ಹೊಸ ವಿಧಾನವನ್ನು ಅಲ್ಲಿಯೇ ಪ್ರಯೋಗಿಸಬಾರದು. ಸಂಗ್ರಹಿಸಿದ ಹಣವನ್ನು ಸಂಜೆಯೊಳಗೆ ಬ್ಯಾಂಕಿಗೆ ಕಟ್ಟದೆ ನಾಲ್ಕು ದಿನ ಬಡ್ಡಿಗೆ ಬಿಟ್ಟವನೂ ಒಂದರ್ಥದಲ್ಲಿ ಸಾಹಸಿಯೇ! ಎಲ್ಲಿ ತಪ್ಪಿದರೆ ತಿದ್ದಬಹುದೋ ಅಲ್ಲಿ ಸ್ವಾತಂತ್ರ್ಯ, ಎಲ್ಲಿ ತಪ್ಪಿದರೆ ಪ್ರಾಣವೋ ಪರರ ಹಣವೋ ಹೋಗುವುದೋ ಅಲ್ಲಿ ನಿಯಮ. ಈ ಗೆರೆಯನ್ನು ಮೊದಲೇ ಎಳೆದು ತಿಳಿಸುವುದು ಸಂಸ್ಥೆಯ ಹೊಣೆ.

ಇನ್ನೊಂದು ಹೊಣೆಯೂ ಉಂಟು. ಒಬ್ಬನು ಕಲಿತುದು ಅವನ ತಲೆಯಲ್ಲಿಯೇ ಉಳಿದರೆ ಸಂಸ್ಥೆಯು ಏನನ್ನೂ ಕಲಿತಂತಾಗಲಿಲ್ಲ. ಅವನು ನಿವೃತ್ತನಾದ ದಿನ ಅದೂ ಹೋಯಿತು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದಿಂದ ಗುರುತ್ವವನ್ನು ಅಳೆಯುವ ವಿದ್ಯಾರ್ಥಿಗಳು 980ರ ಹತ್ತಿರಕ್ಕೆ ಬಾರದ ಅಳತೆಗಳನ್ನು ಮೆಲ್ಲನೆ ಅಳಿಸಿಹಾಕುವುದುಂಟು. ಅಂಕ ಹೋಗುವುದೆಂಬ ಹೆದರಿಕೆ. ದೋಷವು ಅವರದಲ್ಲ, ಸರಿಯುತ್ತರಕ್ಕೆ ಮಾತ್ರ ಅಂಕವಿಡುವ ಪದ್ಧತಿಯದು. ಇದೇ ಅಭ್ಯಾಸ ಮುಂದೆ ಕಚೇರಿಗೂ ಹೋಗುವುದು. ವಿಫಲವಾದುದು ವರದಿಯಲ್ಲಿ ಬರುವುದೇ ಇಲ್ಲ, ಅದೇ ತಪ್ಪನ್ನು ಮುಂದಿನ ಮೇಜಿನವನು ಹೊಸದಾಗಿ ಮಾಡುವನು.

ನಷ್ಟ ಯಾರ ಪಾಲಿಗೆ ಎಂಬ ಪ್ರಶ್ನೆಗೂ ಪಿಗ್ಮಿಯ ಇತಿಹಾಸವೇ ಉತ್ತರ ಹೇಳುವುದು. ಸಂಗ್ರಾಹಕನಿಗೆ ದೊರೆಯುತ್ತಿದ್ದುದು ಕಮಿಶನ್. ಜ್ವರ ಬಂದು ಮಲಗಿದರೆ ಆ ದಿನ ಶೂನ್ಯ. ಇವರು ನೌಕರರಲ್ಲ, ಸ್ವತಂತ್ರ ಏಜೆಂಟರು ಎಂಬುದು ಬ್ಯಾಂಕುಗಳ ವಾದ. ಮೊಕದ್ದಮೆಯು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯಿಂದ ಮೇಲೇರಿ ದಿಲ್ಲಿಯನ್ನು ಮುಟ್ಟಿತು. ಠೇವಣಿ ಸಂಗ್ರಾಹಕರು ಕಾನೂನಿನ ಅರ್ಥದಲ್ಲಿ ಕೆಲಸಗಾರರೇ, ಅವರ ಕಮಿಶನ್ ವೇತನವೇ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತುದು 2001ರಲ್ಲಿ. ಯೋಜನೆ ಹುಟ್ಟಿ 73 ವರ್ಷಗಳಾದ ಮೇಲೆ! ಊರಿಗೆ ಉಳಿತಾಯವನ್ನು ಕಲಿಸಿದವರು ತಾವು ಯಾರೆಂದು ತಿಳಿಯಲು ಅಷ್ಟು ಕಾಲ ಕಾಯಬೇಕಾಯಿತು. ನೌಕರನಿಂದ ಉದ್ಯಮಿಯ ಬುದ್ಧಿಯನ್ನು ಬೇಡುವವರು ಅವನಿಗೆ ಉದ್ಯಮಿಯ ಲಾಭವನ್ನಾದರೂ ಕೊಡಬೇಕು, ಇಲ್ಲವೇ ನೌಕರನ ಭದ್ರತೆಯನ್ನಾದರೂ ಕೊಡಬೇಕು. ಎರಡನ್ನೂ ಕೊಡದಿರುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ಇಂದಿಗೂ ನಮ್ಮ ಪೇಟೆಗಳಲ್ಲಿ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಕೈಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ಸುತ್ತುತ್ತಾರೆ. ಗುಂಡಿ ಒತ್ತಿದೊಡನೆ ಚೀಟಿ ಹೊರಬರುವುದು. ನಾವು ಕಂಡ ಚೀಟಿಗಳಲ್ಲಿ ಹೆಸರು, ಖಾತೆಯ ಸಂಖ್ಯೆ, ದಿನಾಂಕ, ಮೊತ್ತ ಇವಿಷ್ಟೇ ಇದ್ದವು. ಮೂರು ದಿನಗಳಿಂದ ಕೊಡದವನು ಏಕೆ ಕೊಡಲಿಲ್ಲವೆಂಬುದು ಸಂಗ್ರಾಹಕನಿಗೆ ಗೊತ್ತು. ಅದನ್ನು ಬರೆಯಲು ಅಲ್ಲಿ ಸ್ಥಳವಿರಲಿಲ್ಲ.