ತೂತು ಮುಚ್ಚಿದ ಮೇಲೂ ನಾಡಿ ನೋಡಬೇಕು

ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು ಎಂಟರಿಂದ ಹತ್ತು ಶಿಶುಗಳ ಹೃದಯದಲ್ಲಿ ಒಂದಿಲ್ಲೊಂದು ದೋಷವಿರುತ್ತದೆ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ನಡುಗೋಡೆಯ ತೂತು. ಹಿಂದೆ ಇದಕ್ಕೆ ಎದೆ ತೆರೆದು ಶಸ್ತ್ರಕ್ರಿಯೆ ಮಾಡುವುದೊಂದೇ ದಾರಿಯಾಗಿತ್ತು. ಎದೆ ತೆರೆಯದೆ ಇಂಥ ತೂತನ್ನು ಮುಚ್ಚಿದ ಸುದ್ದಿಯನ್ನು ಅಮೆರಿಕದ ಕಿಂಗ್ ಮತ್ತು ಮಿಲ್ಸ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಕರ್ಟ್ ಆಂಪ್ಲಾಟ್ಜ್ ರೂಪಿಸಿದ ತಂತಿಬಲೆಯ ಬಿಲ್ಲೆ ಬಂದ ಮೇಲೆ ಈ ಚಿಕಿತ್ಸೆ ಲೋಕದ ತುಂಬ ಹರಡಿತು.

ಕೆಲಸ ನಡೆಯುವ ಬಗೆ ಸೋಜಿಗದ್ದು. ತೊಡೆಸಂದಿಯ ರಕ್ತನಾಳದಲ್ಲಿ ಕ್ಯಾಥೆಟರ್ ಎಂಬ ತೆಳ್ಳನೆಯ ಕೊಳವೆಯನ್ನು ತೂರಿಸಿ ಹೃದಯದವರೆಗೆ ಒಯ್ಯುತ್ತಾರೆ. ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ತಂತಿಯಿಂದ ಹೆಣೆದ ಬಿಲ್ಲೆ ಅದರೊಳಗೆ ಮಡಿಚಿಕೊಂಡು ಹೋಗುತ್ತದೆ. ತೂತಿನ ಬಳಿ ಹೊರಬಂದೊಡನೆ ಕೊಡೆಯಂತೆ ಬಿಚ್ಚಿಕೊಂಡು ಗೋಡೆಯನ್ನು ಎರಡೂ ಬದಿಯಿಂದ ಹಿಡಿದುಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಅದರ ಮೇಲೆ ಒಳಪೊರೆ ಬೆಳೆಯುತ್ತದೆ. ಎದೆಯ ಮೇಲೆ ಗಾಯದ ಗುರುತಿಲ್ಲ. ಕೆಲವೇ ದಿನಗಳಲ್ಲಿ ಮಗು ಮನೆಗೆ ಬರುತ್ತದೆ. ಇನ್ನು ಆಸ್ಪತ್ರೆಯ ಗೊಡವೆ ಮುಗಿಯಿತೆಂದು ಮನೆಯವರು ನಿರಾಳವಾಗುತ್ತಾರೆ. ಎಚ್ಚರ ಬೇಕಾದುದು ಇಲ್ಲಿಯೇ.

ಹೃದಯದ ಗೋಡೆ ಬರಿಯ ಗೋಡೆಯಲ್ಲ, ಅದರೊಳಗೆ ವಿದ್ಯುತ್ತಿನ ಹಾದಿಯೂ ಇದೆ. ಕೆರೂರ, ಗುಳೇದಗುಡ್ಡ, ಇಳಕಲ್ಲಿನ ನೇಕಾರರ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಕಾಲಿನಿಂದ ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಡಬೇಕು, ಆಮೇಲೆ ಲಾಳಿ ಓಡಬೇಕು. ಕ್ರಮ ತಪ್ಪಿದರೆ ಬಟ್ಟೆ ಕೆಡುತ್ತದೆ. ಹೃದಯದಲ್ಲೂ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಮೊದಲು, ಕೆಳಗಿನ ಹೃತ್ಕುಕ್ಷಿಗಳು ಕ್ಷಣಕಾಲ ತಡೆದು ಕುಗ್ಗಬೇಕು. ಅಪ್ಪಣೆ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ. ಅದು ನಡುವಿನ ಒಂದು ಗಂಟಿಗೆ ಬಂದು, ಅಲ್ಲಿಂದ ಎಳೆಗಳ ಕಟ್ಟೊಂದರ ಮೂಲಕ ಕೆಳಗಿಳಿಯುತ್ತದೆ. ಈ ಕಟ್ಟನ್ನು 1893ರಲ್ಲಿ ವಿಲ್‌ಹೆಲ್ಮ್ ಹಿಸ್, ನಡುವಿನ ಗಂಟನ್ನು 1906ರಲ್ಲಿ ಜಪಾನಿನ ಸುನಾವೊ ತವಾರಾ ವಿವರಿಸಿದರು.

ಹೃತ್ಕರ್ಣಗಳ ನಡುವಿನ ತೂತಿಗೆ ದೊಡ್ಡ ಬಿಲ್ಲೆ ಕೂರಿಸಿದಾಗ ಅದರ ಅಂಚು ಆ ಗಂಟಿನ ಹತ್ತಿರ ಬರಬಹುದು. ಹೃತ್ಕುಕ್ಷಿಗಳ ನಡುವಿನ ಗೋಡೆಯ ಮೇಲ್ಭಾಗದ ತೂತಾದರಂತೂ ಹಿಸ್‌ನ ಕಟ್ಟು ಅದರ ಅಂಚಿಗೇ ಹೊಂದಿಕೊಂಡು ಹಾಯುತ್ತದೆ. ಬಿಲ್ಲೆ ಒತ್ತಿದರೆ, ಸುತ್ತ ಬಾವು ಬಂದರೆ, ಮುಂದೆ ಅಲ್ಲಿ ಗಟ್ಟಿ ಕಲೆ ಬೆಳೆದರೆ, ಅಪ್ಪಣೆ ತಡವಾಗಿ ತಲುಪೀತು ಅಥವಾ ನಿಂತೇ ಹೋದೀತು. ಚಿಕ್ಕ ಹೃದಯಕ್ಕೆ ದೊಡ್ಡ ಬಿಲ್ಲೆ ಬಿದ್ದಷ್ಟೂ ಈ ಸಂಭವ ಹೆಚ್ಚು.

ಗಾಬರಿ ಬೇಡ. ಹೆಚ್ಚಿನ ಮಕ್ಕಳಲ್ಲಿ ಇಂಥ ತೊಂದರೆ ಆಗುವುದಿಲ್ಲ. ಮೊದಲ ಕೆಲವು ದಿನ ಕಾಣುವ ಹೆಚ್ಚುವರಿ ಬಡಿತ, ಅಲ್ಪಸ್ವಲ್ಪ ತಡೆ ಇವು ಬಹುಪಾಲು ತಾವಾಗಿಯೇ ಇಳಿಯುತ್ತವೆ. ಅಪರೂಪಕ್ಕೆ ಹಾದಿ ಪೂರ್ತಿ ಕಡಿದುಹೋಗುತ್ತದೆ. ಆಗ ಬಾವು ಇಳಿಸುವ ಔಷಧ, ಬಿಲ್ಲೆಯನ್ನು ಹೊರತೆಗೆಯುವುದು, ಇಲ್ಲವೆ ಪೇಸ್‌ಮೇಕರ್ ಅಳವಡಿಸುವುದು ಬೇಕಾಗಬಹುದು. ಗಮನಿಸಬೇಕಾದುದೆಂದರೆ, ಹೃತ್ಕುಕ್ಷಿಯ ತೂತು ಮುಚ್ಚಿದ ಕೆಲವು ಮಕ್ಕಳಲ್ಲಿ ಈ ತಡೆ ತಿಂಗಳುಗಳ, ವರ್ಷಗಳ ನಂತರವೂ ಬಂದದ್ದುಂಟು. ಆದ್ದರಿಂದಲೇ ವೈದ್ಯರು ಮರುತಪಾಸಣೆಗೆ ಬರಹೇಳುವುದು. ಇಸಿಜಿ ಕೆಲವೇ ಸೆಕೆಂಡುಗಳ ಬಡಿತವನ್ನಷ್ಟೇ ಬರೆದುಕೊಳ್ಳುತ್ತದೆ. ಅನುಮಾನವಿದ್ದರೆ ಮೈಮೇಲೆ ಕಟ್ಟುವ ಹೋಲ್ಟರ್ ಯಂತ್ರ 24 ಗಂಟೆಯ ಬಡಿತವನ್ನು ದಾಖಲಿಸುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ವೈದ್ಯರ ತಂಡ ಬಂದು ಇಂಥ ದೋಷಗಳನ್ನು ಹುಡುಕುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಚಿಕಿತ್ಸೆಯಿದೆ. ಆದರೆ ಕೆರೂರಿನಿಂದ ಬೆಂಗಳೂರು 400 ಕಿಲೋಮೀಟರಿಗೂ ದೂರ. ಎರಡು ದಿನದ ಕೂಲಿ, ಬಸ್ಸಿನ ಖರ್ಚು ಎಣಿಸಿ, ಆಡಿಕೊಂಡಿರುವ ಮಗುವನ್ನು ಮತ್ತೆ ಯಾಕೆ ಒಯ್ಯಬೇಕೆಂದು ಮನೆಯವರಿಗೆ ಅನಿಸುವುದು ತಪ್ಪೇನಲ್ಲ. ಆದರೆ ಇಸಿಜಿ ಬಾಗಲಕೋಟೆಯಲ್ಲೂ ಆಗುತ್ತದೆ. ಯಾವ ತಪಾಸಣೆಗೆ ಬೆಂಗಳೂರಿಗೇ ಬರಬೇಕು, ಯಾವುದನ್ನು ಹತ್ತಿರದಲ್ಲಿ ಮಾಡಿಸಬಹುದು ಎಂಬುದನ್ನು ಬಿಡುಗಡೆಯ ದಿನವೇ ಕೇಳಿ ಬರೆಸಿಕೊಳ್ಳಬೇಕು. ಹಳೆಯ ಇಸಿಜಿ ಪಟ್ಟಿಗಳನ್ನು ಜೋಪಾನವಾಗಿಡಬೇಕು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟಾಗಲೇ ಬದಲಾವಣೆ ತಿಳಿಯುವುದು.

ಮನೆಯಲ್ಲಿ ಮಾಡಬಹುದಾದುದೂ ಉಂಟು. ಮಗು ಸುಮ್ಮನೆ ಕುಳಿತಿರುವಾಗ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬದಿಗೆ, ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಪ್ರಾಥಮಿಕ ಶಾಲೆಯ ಮಗುವಿಗೆ ಸಾಧಾರಣವಾಗಿ 70ರಿಂದ 110 ಬರುತ್ತದೆ. ಉಸಿರು ಎಳೆದಾಗ ತುಸು ಚುರುಕು, ಬಿಟ್ಟಾಗ ತುಸು ನಿಧಾನವಾಗುವುದು ಮಕ್ಕಳಲ್ಲಿ ಸಹಜ. ಎಚ್ಚರವಿದ್ದಾಗಲೂ 60ಕ್ಕಿಂತ ಕೆಳಗಿಳಿದರೆ, ಆಟದಲ್ಲಿ ಮೊದಲಿಲ್ಲದ ದಣಿವು ಕಂಡರೆ, ಎದೆ ಡವಗುಟ್ಟುತ್ತದೆಂದು ಮಗು ಹೇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಲೆಸುತ್ತಿ ಬಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಉಪವಾಸದ ನಿಶ್ಶಕ್ತಿ, ಬಿಸಿಲಿನ ಝಳ ಎಂದು ಸಮಾಧಾನ ಮಾಡಿಕೊಳ್ಳಬಾರದು. ಮಗುವಿಗೆ ಇಂಥ ಚಿಕಿತ್ಸೆ ಆಗಿದೆಯೆಂಬುದು ಅದರ ಶಾಲೆಯ ಗುರುಗಳಿಗೂ ತಿಳಿದಿರಲಿ. ಮಗು ಹಗಲಿನ ಬಹುಪಾಲು ಕಳೆಯುವುದು ಅವರ ಕಣ್ಣೆದುರಿಗೇ.